ಅರ್ಧ ಮೀನು

ಎಂಜಿನ್ನಿನ ತಲೆ ಕಳಚಿ ಅಡುಗೆಮನೆಯ ಮೇಜಿನ ಮೇಲಿಟ್ಟದ್ದಕ್ಕೆ
ಅತ್ತೆ ಸೆವ್ದಾ ಎರಡು ದಿನ ಮಾತು ಬಿಟ್ಟಳು.
ಮೂರನೆಯ ದಿನ ತಲೆವಸ್ತ್ರದ ತುದಿ ಮೂಗಿಗೆ ಹಿಡಿದು ಬಂದು
"ಇಷ್ಟೇ ಏನೇ ಇದರ ಹೊಟ್ಟೆ?" ಅಂದಳು.

ಇಷ್ಟೇ. ಎರಡು ಸಿಲಿಂಡರು, ಹದಿನೆಂಟು ಕುದುರೆ,
ಕೆಂಪು ಮಾಸಿ ಒಸಡಿನ ಬಣ್ಣಕ್ಕಿಳಿದ ಬಾನೆಟ್ಟು.
ಪ್ಲೋವ್‌ದಿವ್‌ನ ಗುಜರಿ ಅಂಗಳದಲ್ಲಿ
ಜಪಾನಿನಿಂದ ಹಡಗೇರಿ ಬಂದ ನಲವತ್ತರ ನಡುವೆ
ಸಪ್ಪೆ ಮೋರೆ ಹಾಕಿ ನಿಂತಿದ್ದನ್ನು
ಎರಡು ಹಸು ಮಾರಿ ತಂದದ್ದು.
ಮೈಮೇಲಿನ ಅಕ್ಷರ ಒಂದೂ ನಮಗೆ ಓದಲು ಬಾರದು.
ಹನ್ನೊಂದು ವರ್ಷ, ಆಲೂಗೆಡ್ಡೆ ಸಾಲು, ಬೀನ್ಸಿನ ಪಾತಿ,
ಹಿಮದಲ್ಲಿ ಸೌದೆ,
ಓದುವ ಅಗತ್ಯ ಬಿದ್ದಿರಲಿಲ್ಲ.

ಈ ಮಾರ್ಚಿನಲ್ಲಿ ಬಿಳಿ ಹೊಗೆ.
ಬೆಳಿಗ್ಗೆ ರೇಡಿಯೇಟರಿಗೆ ಹೊಯ್ದ ನೀರು ಮಧ್ಯಾಹ್ನಕ್ಕೆ ಇಲ್ಲ.
ಸ್ಮೋಲ್ಯಾನ್‌ನ ಮೆಕ್ಯಾನಿಕ್ ಬೆಟ್ಟ ಹತ್ತಲು ಕೇಳಿದ ದುಡ್ಡಿಗೆ
ಮೂರನೆಯ ಹಸುವೂ ಹೋಗಬೇಕಿತ್ತು.
ಸೋಫಿಯಾದಲ್ಲಿ ಟ್ರಾಮ್ ಓಡಿಸುವ ಗಂಡ ಫೋನಿನಲ್ಲಿ
"ಮಾರಿಬಿಡು" ಅಂದ.
ಯಾವುದನ್ನು ಅಂತ ನಾನು ಕೇಳಲಿಲ್ಲ.

ಅಂಚೆ ಹಂಚಿ ಬಂದ ಮೇಲೆ, ಸಂಜೆಗಳಲ್ಲಿ, ಸ್ಪ್ಯಾನರ್ ಹಿಡಿದೆ.
ಬಿಚ್ಚುವುದಕ್ಕೆ ಸಿಟ್ಟು ಸಾಕು.
ಜೋಡಿಸುವುದಕ್ಕೆ ಮೊಸರಿನ ಬಾಟಲಿ ಬೇಕು:
ಒಂದರಲ್ಲಿ ವಾಲ್ವು, ಒಂದರಲ್ಲಿ ಸ್ಪ್ರಿಂಗು,
ಒಂದರಲ್ಲಿ ಯಾವ ಗುಂಪಿಗೂ ಸೇರದ ನಟ್ಟುಗಳು,
ಎಲ್ಲಕ್ಕೂ ಅಂಚೆಯ ಚೀಟಿ, ನನ್ನದೇ ಕೈಬರಹ.
ಗ್ಯಾಸ್ಕೆಟ್ಟು ಎರಡು ಸಿಲಿಂಡರುಗಳ ನಡುವೆ
ಬೆರಳ ಅಗಲ ಸುಟ್ಟು ಹೋಗಿತ್ತು.
ಇಷ್ಟು ಕೈ ಹಾಕಿದ ಮೇಲೆ, ಬುಡದಲ್ಲಿ ಎಣ್ಣೆ ಒಸರುವ
ಡೀಸೆಲ್ ಪಂಪನ್ನು ಸುಮ್ಮನೆ ಬಿಟ್ಟೇನೆಯೇ?
ಅದನ್ನೂ ಎತ್ತಿದೆ.

ಅದರ ಕೆಳಗೆ ಈರುಳ್ಳಿ ಸಿಪ್ಪೆಯಂಥ ತೆಳು ಲೋಹದ ಹಾಳೆಗಳು, ಮೂರು.
ನಾಲ್ಕನೆಯದು ಕತ್ತರಿಯಿಂದ ಕತ್ತರಿಸಿದ ತಗಡು,
ಮೀನಿನ ಡಬ್ಬಿಯದು. ನೀಲಿ ಬಣ್ಣ, ಅರ್ಧ ಮೀನು,
ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.
ಯಾವನೋ ಸೋಮಾರಿಯ ಕೆಲಸ ಅಂದುಕೊಂಡು
ಒಲೆಯ ಬೂದಿ ಬಕೀಟಿಗೆ ಎಸೆದೆ.

ಹೊಸ ಗ್ಯಾಸ್ಕೆಟ್ಟು. ನಟ್ಟುಗಳನ್ನು ನಡುವಿನಿಂದ ಅಂಚಿಗೆ,
ಮತ್ತೆ ನಡುವಿನಿಂದ, ಸ್ತಾಮೆನ್‌ನ ಎರವಲು ಸ್ಪ್ಯಾನರು
'ಟಿಕ್' ಅನ್ನುವ ತನಕ ಬಿಗಿದೆ.
ಕೀಲಿ ತಿರುಗಿಸಿದೆ. ಹತ್ತಿಕೊಂಡಿತು!
ಹತ್ತಿಕೊಂಡದ್ದೇ, ಒಳಗೆ ಯಾರನ್ನೋ ಕೂಡಿಹಾಕಿದಂತೆ
ಟಣ್ ಟಣ್ ಟಣ್ ಬಾಗಿಲು ಬಡಿತ.
ಆರಿಸಿದೆ. ಕೈ ನಡುಗುತ್ತಿತ್ತು.
"ಬೇರಿಂಗ್ ಹೋಯಿತು, ಇನ್ನು ಕೋಳಿಗೂಡು ಮಾಡಿಕೋ," ಅಂದ ಸ್ತಾಮೆನ್,
ತುಸು ಸಂತೋಷದಿಂದಲೇ.

ರಾತ್ರಿ ಮಲಗಿ ಬಾಟಲಿಗಳನ್ನು ಎಣಿಸಿದೆ.
ಎಲ್ಲ ಖಾಲಿ. ಎಲ್ಲ ಸರಿ.
ಮತ್ತೆ ಎಣಿಸುವಾಗ ಆ ಕಣ್ಣು.
ಒಂದು ಕೂದಲೆಳೆ ದಪ್ಪ! ಅದಿಲ್ಲದೆ ಪಂಪು ಕೆಳಗಿಳಿದಿದೆ,
ಡೀಸೆಲ್ಲು ಹೊತ್ತಿಗೆ ಮುಂಚೆ ಚಿಮ್ಮುತ್ತಿದೆ,
ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸುವವರ ಹಾಗೆ,
ನನ್ನ ಹಾಗೆ.

ಬಕೀಟು ಬರಿದು. ಬೂದಿ ಕೋಳಿ ಅಂಗಳದಲ್ಲಿ.
ಟಾರ್ಚು ಬಾಯಲ್ಲಿ ಕಚ್ಚಿ ಮೊಣಕಾಲೂರಿ ಕೆದಕುತ್ತಿದ್ದೆ.
ಹಿಂದೆ ಚಪ್ಪಲಿ ಸದ್ದು. ಸೆವ್ದಾ, ಮಲಗುವ ಅಂಗಿಯಲ್ಲೇ,
ಕೈಯಲ್ಲಿ ಹಿಟ್ಟಿನ ಜರಡಿ,
ತವರಿಂದ ತಂದದ್ದು, ನನಗೆ ಮುಟ್ಟಲು ಬಿಡದ್ದು.
ಏನು ಹುಡುಕುತ್ತೀ ಎಂದೂ ಕೇಳದೆ ಜಾಲಿಸತೊಡಗಿದಳು.
ಎರಡು ಮೊಳೆ, ಒಂದು ಗುಂಡಿ, ಕೋಳಿಪುಕ್ಕ.
ಆಮೇಲೆ ಮೀನು.

ಬೆಳಿಗ್ಗೆ ಅದನ್ನು ಒರೆಸಿ, ಕಣ್ಣು ಮೇಲಾಗಿ, ಅದರ ಜಾಗದಲ್ಲಿಟ್ಟೆ.
ಬಡಿತ ನಿಂತಿತು. ಉಳಿದದ್ದು ಹಳೆಯ ಗೊಣಗಾಟ ಮಾತ್ರ.
ಯಾವ ಕೊಟ್ಟಿಗೆಯಲ್ಲೋ ಯಾರೋ,
ಅಂಗಡಿ ಮುಚ್ಚಿದ ದಿನವಿರಬೇಕು,
ಊಟದ ಡಬ್ಬಿ ತೊಳೆದು, ಕತ್ತರಿಸಿ, ಕಿವಿಗೊಟ್ಟು ಆಲಿಸಿ,
ಇನ್ನೊಂದು ಚೂರು ಬೇಕೆ ಎಂದು ಯೋಚಿಸಿ,
ಬೇಡ ಅಂದುಕೊಂಡಿರಬೇಕು.
ಸೋಮಾರಿ ಅಂದೆನಲ್ಲ.

ಭಾನುವಾರ ಸೆವ್ದಾ ಅದೇ ಜರಡಿಯಲ್ಲಿ ಹಿಟ್ಟು ಜರಡಿ ಹಿಡಿದಳು.
ರೊಟ್ಟಿ ತುಸು ಬೂದಿ ಬಣ್ಣಕ್ಕೆ ಬಂದಿತ್ತು,
ಹಲ್ಲಿಗೆ ಕರಕರ ಸಿಗುತ್ತಿತ್ತು.
ಸ್ತಾಮೆನ್ ಮೂರು ತುಂಡು ತಿಂದ.
ಯಾರೂ ಏನೂ ಅನ್ನಲಿಲ್ಲ.